ಎರಡು ರಾಜ್ಯಗಳ ಸೇತುವೆ ಮತ್ತು ಪೊಲೀಸ್ ಸಂಘದ ಹಕ್ಕು

ನಮ್ಮ ದೇಶದಲ್ಲಿ ಪೊಲೀಸರು ಅನುಮತಿಯಿಲ್ಲದೆ ಕಾರ್ಮಿಕ ಸಂಘದ ಸದಸ್ಯರಾಗುವುದನ್ನು 1966ರ ಕೇಂದ್ರ ಕಾಯಿದೆಯು ನಿರ್ಬಂಧಿಸಿದೆ. ಅಮೆರಿಕದ ಅನೇಕ ರಾಜ್ಯಗಳಲ್ಲಾದರೋ ಪೊಲೀಸ್ ಸಂಘಗಳು ವೇತನ, ಕೆಲಸದ ಅವಧಿ ಮತ್ತು ಸೇವಾ ನಿಯಮಗಳ ಬಗ್ಗೆ ಆಡಳಿತದೊಡನೆ ಮಾತುಕತೆ ನಡೆಸಿ ಒಪ್ಪಂದ ಮಾಡಿಕೊಳ್ಳುತ್ತವೆ. ಇದಕ್ಕೆ ಸಾಮೂಹಿಕ ಚೌಕಾಸಿ ಎಂದು ಹೆಸರು. ಆದರೆ ಪೊಲೀಸರನ್ನು ನೇಮಿಸಿದ ಸಂಸ್ಥೆಯು ಎರಡು ರಾಜ್ಯಗಳಿಗೆ ಸೇರಿದ್ದಾದರೆ ಯಾವ ರಾಜ್ಯದ ಕಾನೂನು ಅನ್ವಯಿಸಬೇಕು? ಈ ಪ್ರಶ್ನೆಯನ್ನು ನಾವಿಲ್ಲಿ ಪರಿಶೀಲಿಸೋಣ.

ಅಮೆರಿಕದಲ್ಲಿ ರಾಜ್ಯಗಳು ಪರಸ್ಪರ ಕರಾರು ಮಾಡಿಕೊಂಡು, ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸಮ್ಮತಿ ಪಡೆದು, ಬಂದರು ಹಾಗೂ ಸೇತುವೆಗಳನ್ನು ನಿರ್ವಹಿಸುವ ಜಂಟಿ ಸಂಸ್ಥೆಗಳನ್ನು ಸ್ಥಾಪಿಸುವುದುಂಟು. ಇಂತಹ ಸಂಸ್ಥೆಯ ಮೇಲೆ ಒಂದು ರಾಜ್ಯವು ತಾನೊಂದೇ ತನ್ನ ಕಾನೂನನ್ನು ಹೇರುವಂತಿಲ್ಲ. ಕಾರ್ಮಿಕ ಬಾಂಧವ್ಯದ 1935ರ ರಾಷ್ಟ್ರೀಯ ಕಾಯಿದೆಯೂ ರಾಜ್ಯ ಸರ್ಕಾರಗಳ ನೌಕರರಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಜಂಟಿ ಸಂಸ್ಥೆಯ ನೌಕರನು ಎರಡು ರಾಜ್ಯಗಳ ನಡುವೆ ಅತಂತ್ರನಾಗುವ ಸಂಭವವಿದೆ.

ಪೆನ್ಸಿಲ್ವೇನಿಯಾ ಮತ್ತು ನ್ಯೂಜೆರ್ಸಿಗಳಿಗೆ ಸೇರಿದ ಡೆಲವೇರ್ ನದಿ ಬಂದರು ಪ್ರಾಧಿಕಾರದಲ್ಲಿ ನಡೆದದ್ದು ಇದೇ. ಫಿಲಡೆಲ್ಫಿಯಾ ಹಾಗೂ ಕ್ಯಾಮ್ಡನ್ ನಗರಗಳನ್ನು ಜೋಡಿಸುವ ಬೆಂಜಮಿನ್ ಫ್ರಾಂಕ್ಲಿನ್ ಸೇತುವೆ ಇದರ ಆಡಳಿತದಲ್ಲಿದೆ. ಇಲ್ಲಿನ ಪೊಲೀಸ್ ಸಂಘದೊಡನೆ ಚೌಕಾಸಿ ನಡೆಸುವ ಕರ್ತವ್ಯ ತನಗಿಲ್ಲವೆಂದು ಪ್ರಾಧಿಕಾರವು ವಾದಿಸಿತು. ಎರಡೂ ರಾಜ್ಯಗಳ ಕಾನೂನುಗಳು ಪೊಲೀಸರಿಗೆ ಈ ಹಕ್ಕನ್ನು ಸಮಾನವಾಗಿ ನೀಡಿರುವುದರಿಂದ ಪ್ರಾಧಿಕಾರವೂ ಅದಕ್ಕೆ ಬದ್ಧವೆಂದು ನ್ಯೂಜೆರ್ಸಿಯ ಮೇಲ್ಮನವಿ ನ್ಯಾಯಾಲಯವು 1999ರಲ್ಲಿ ತೀರ್ಪಿತ್ತಿತು. ಪ್ರಾಧಿಕಾರವು ಫೆಡರಲ್ ನ್ಯಾಯಾಲಯದ ಮೊರೆಹೋಯಿತು. ಒಮ್ಮೆ ಇತ್ಯರ್ಥವಾದ ವಿವಾದವನ್ನು ಮತ್ತೆ ಕೆದಕಲಾಗದೆಂದು ಫೆಡರಲ್ ಮೇಲ್ಮನವಿ ನ್ಯಾಯಾಲಯವು 2002ರಲ್ಲಿ ಹೇಳಿತು. ಪೊಲೀಸರ ಹಕ್ಕು ಉಳಿಯಿತು.

ಅದೇ ವರ್ಷ, ಅದೇ ನ್ಯಾಯಾಲಯದ ಮುಂದೆ, ಅದೇ ನದಿಯ ಮತ್ತೊಂದು ಸಂಸ್ಥೆಯಾದ ಜಂಟಿ ಸುಂಕಸೇತುವೆ ಆಯೋಗದ ಮೊಕದ್ದಮೆ ಬಂದಿತು. ಇಲ್ಲಿ ಹಕ್ಕು ಕೇಳಿದ್ದು ಪೊಲೀಸೇತರ ನೌಕರರ ಸಂಘ. ಎರಡೂ ರಾಜ್ಯಗಳು ಸ್ಪಷ್ಟ ಮಾತುಗಳಲ್ಲಿ ಸಮ್ಮತಿಸದ ಹೊರತು ಚೌಕಾಸಿಯ ಹೊಣೆಯನ್ನು ಆಯೋಗದ ಮೇಲೆ ಹೊರಿಸಲಾಗದೆಂದು ತೀರ್ಪು ಬಂದು, ಸಂಘವು ಸೋತಿತು.

ಮೂರನೆಯ ಮಾರ್ಗವೂ ಉಂಟು. 1921ರಲ್ಲಿ ಸ್ಥಾಪಿತವಾದ ನ್ಯೂಯಾರ್ಕ್–ನ್ಯೂಜೆರ್ಸಿ ಬಂದರು ಪ್ರಾಧಿಕಾರವು 1976ರಲ್ಲಿ ತನ್ನದೇ ನಿಯಮಾವಳಿಯನ್ನು ರೂಪಿಸಿ, ಕಾರ್ಮಿಕ ವಿವಾದಗಳಿಗಾಗಿ ಪ್ರತ್ಯೇಕ ಮಂಡಲಿಯನ್ನು ನೇಮಿಸಿತು. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಈ ಪ್ರಾಧಿಕಾರದ 37 ಪೊಲೀಸರು ಕರ್ತವ್ಯನಿರತರಾಗಿ ಪ್ರಾಣತೆತ್ತರು.

ರಾಜ್ಯಗಳು ಸೇರಿ ಸೇತುವೆ ಕಟ್ಟುವಾಗ ಸುಂಕದ ಹಂಚಿಕೆಯನ್ನಷ್ಟೇ ಬರೆದಿಟ್ಟರೆ ಸಾಲದು. ಅದನ್ನು ಕಾಯುವವರ ಅಹವಾಲನ್ನು ಯಾರು ಕೇಳಬೇಕೆಂಬುದನ್ನೂ ಕರಾರಿನಲ್ಲೇ ಬರೆದಿಡಬೇಕೆಂಬುದು ಈ ಮೊಕದ್ದಮೆಗಳಿಂದ ನಾವು ಕಲಿಯಬಹುದಾದ ಪಾಠ.