ಕ್ಷೀರತ್ಯಾಗ: ಒಂದು ವ್ರತದ ಚರಿತ್ರೆ

ಶ್ರಾವಕನ ಆಹಾರಶುದ್ಧಿಯಲ್ಲಿ ಮದ್ಯ, ಮಾಂಸ, ಮಧು ಮತ್ತು ಪಂಚ ಉದುಂಬರ ಫಲಗಳ ತ್ಯಾಗವೇ ಮೊದಲ ಮೆಟ್ಟಿಲು. ಹಾಲು ಆ ಪಟ್ಟಿಯಲ್ಲಿ ಸೇರಿಲ್ಲ. ರಸಪರಿತ್ಯಾಗವೆಂಬ ಬಾಹ್ಯ ತಪಸ್ಸಿನಲ್ಲಿ ಹಾಲು, ಮೊಸರು, ತುಪ್ಪಗಳನ್ನು ಬಿಡುವ ಕ್ರಮ ಉಂಟು. ಆದರೆ ಅಲ್ಲಿ ತ್ಯಾಗಕ್ಕೆ ಕಾರಣ ಇಂದ್ರಿಯನಿಗ್ರಹವೇ ಹೊರತು ಹಸುವಿನ ನೋವಲ್ಲ. ಹಾಗಿದ್ದರೂ ತತ್ತ್ವಾರ್ಥಸೂತ್ರಕಾರರು ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು ಎಂಬ ಐದನ್ನು ಹೇಳಿದ್ದಾರೆ. ಹಾಲು ಕರೆಯುವ ಹೊತ್ತಿನಲ್ಲಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಈ ಐದನ್ನು ನೆನೆದವನಿಗೆ ಕೊನೆಯದು ಕರುವನ್ನು ಕುರಿತೇ ಹೇಳಿದಂತೆ ತೋರದಿರದು.

ಹಾಲನ್ನೂ ಹಿಂಸೆಯ ಲೆಕ್ಕಕ್ಕೆ ತಂದು, ಅದನ್ನು ಬಿಟ್ಟು ಬದುಕಲು ಹೊರಟವರ ಚರಿತ್ರೆ ಇಪ್ಪತ್ತನೆಯ ಶತಮಾನದ್ದು. ಅದರ ಒಂದು ಕವಲು ಗುಜರಾತಿನ ಜೈನ ಸಂಪರ್ಕದಿಂದ ಹೊರಟಿತು, ಇನ್ನೊಂದು ಇಂಗ್ಲೆಂಡಿನಲ್ಲಿ ಹುಟ್ಟಿತು. ಎರಡರಲ್ಲಿಯೂ ಸಂಕಲ್ಪಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಶರೀರದ ಜ್ಞಾನದಲ್ಲಿ.

1888ರಲ್ಲಿ ಮೋಹನದಾಸ ಗಾಂಧಿಯು ವಿಲಾಯಿತಿಗೆ ಹೊರಟಾಗ ತಾಯಿ ಪುತಲೀಬಾಯಿಯ ಅಳುಕನ್ನು ಹೋಗಲಾಡಿಸಿದವರು ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳು. ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ಮುಟ್ಟುವುದಿಲ್ಲವೆಂಬ ಪ್ರತಿಜ್ಞೆಯನ್ನು ಹುಡುಗನಿಂದ ಮಾಡಿಸಿದವರೂ ಅವರೇ. ಆ ಪ್ರತಿಜ್ಞೆಯಲ್ಲಿ ಹಾಲಿನ ಮಾತಿರಲಿಲ್ಲ. ಆ ಮಾತು ಬಂದುದು 1891ರಲ್ಲಿ ಹಿಂತಿರುಗಿದ ಮೇಲೆ, ಮುಂಬಯಿಯ ರತ್ನವ್ಯಾಪಾರಿಯೂ ಜೈನ ತತ್ತ್ವಚಿಂತಕರೂ ಆಗಿದ್ದ ಶ್ರೀಮದ್ ರಾಜಚಂದ್ರರ ಸಹವಾಸದಲ್ಲಿ. ಹಾಲು ವಿಕಾರವನ್ನು ಕೆರಳಿಸುವ ಪದಾರ್ಥವೆಂದು ತಮಗೆ ಮೊದಲು ತಿಳಿದದ್ದು ಅವರಿಂದಲೇ ಎಂದು ಗಾಂಧೀಜಿಯವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಇದು ರಸಪರಿತ್ಯಾಗದ ದೃಷ್ಟಿ. ಮುಂದೆ ದಕ್ಷಿಣ ಆಫ್ರಿಕದಲ್ಲಿದ್ದಾಗ ಕಲ್ಕತ್ತೆಯಿಂದ ಬಂದ ಕೆಲವು ಬರಹಗಳು, ಹೆಚ್ಚು ಹಾಲು ಹಿಂಡುವುದಕ್ಕಾಗಿ ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯನ್ನು ಅವರ ಕಣ್ಣಮುಂದೆ ಇಟ್ಟವು. ನಿಗ್ರಹ ಮತ್ತು ಕರುಣೆ ಎರಡೂ ಅಲ್ಲಿ ಒಂದಾದವು. 1912ರಲ್ಲಿ ಜೋಹಾನ್ಸ್‌ಬರ್ಗಿನ ಸಮೀಪದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರೂ ಅವರ ಗೆಳೆಯ ಹರ್ಮನ್ ಕಾಲೆನ್‌ಬಾಕರೂ ಹಾಲನ್ನು ತ್ಯಜಿಸುವ ವ್ರತ ಕೈಗೊಂಡರು.

ಆರು ವರ್ಷ ವ್ರತ ನಡೆಯಿತು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸುವ ಕೆಲಸದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಿದ್ದಾಗ ಅವರ ಮುಖ್ಯ ಆಹಾರ ಅರೆದ ಕಡಲೆಕಾಯಿ ಮತ್ತು ನಿಂಬೆಹಣ್ಣು. ಅದು ಅತಿಯಾದರೆ ಕೆಡುಕೆಂದು ತಿಳಿದಿದ್ದೂ ಅತಿಯಾಗಿಯೇ ತಿಂದರು. ರಕ್ತಾತಿಸಾರ ಹಿಡಿಯಿತು. ಔಷಧ ಬೇಡ, ಹಾಲು ಬೇಡ, ಮಜ್ಜಿಗೆಯೂ ಬೇಡ ಎಂಬ ಹಟದಲ್ಲಿ ದೇಹ ಎಲುಬಿನ ಹಂದರವಾಯಿತು. ಕೊನೆಗೆ ಮುಂಬಯಿಯಲ್ಲಿ ಡಾಕ್ಟರ್ ದಲಾಲರು, ಹಾಲು ಕುಡಿಯದೆ ಈ ಶರೀರವನ್ನು ಮತ್ತೆ ಕಟ್ಟಲಾಗದೆಂದು ಸ್ಪಷ್ಟವಾಗಿ ನುಡಿದರು. ವ್ರತವಿದೆಯೆಂದಾಗ, ಪಕ್ಕದಲ್ಲಿ ನಿಂತಿದ್ದ ಕಸ್ತೂರಬಾ ಅವರು ಆಡಿನ ಹಾಲಿಗೆ ಏನು ಅಡ್ಡಿಯೆಂದು ಕೇಳಿದರು. ವ್ರತ ತೊಡುವಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳಷ್ಟೇ. ಗಾಂಧೀಜಿ ಸೋತರು, 1919ರ ಆರಂಭದಲ್ಲಿ ಆಡಿನ ಹಾಲು ಕುಡಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬ ಅರ್ಥದ ಅವರ ಪಶ್ಚಾತ್ತಾಪ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ದಾಖಲಾಗಿದೆ. ಈ ಪ್ರಸಂಗವನ್ನು ಹಾಲಿನ ಅನಿವಾರ್ಯತೆಗೆ ಸಾಕ್ಷಿಯಾಗಿ ಎತ್ತಿ ತೋರಿಸುವವರು ಉಂಟು, ಅದು ಸರಿಯಲ್ಲ. ಅವರನ್ನು ಕೆಡವಿದ್ದು ಹಾಲಿನ ಅಭಾವವಲ್ಲ, ಕ್ರಮವಿಲ್ಲದ ಆಹಾರ, ಅತಿಶ್ರಮ ಮತ್ತು ಚಿಕಿತ್ಸೆಯ ನಿರಾಕರಣೆ. ಅಹಿಂಸಾವ್ರತಿಯು ತನ್ನ ಶರೀರವನ್ನೂ ಒಂದು ಜೀವವೆಂದು ಎಣಿಸಬೇಕಾದುದನ್ನು ಆಗ ಅವರು ಮರೆತಿದ್ದರೆಂದೇ ಹೇಳಬೇಕು.

ಅವರು ಆ ಶೋಧನೆಯನ್ನು ಬಿಡಲಿಲ್ಲ. ಹಾಲಿಗೆ ಸಮನಾದ ಸಸ್ಯಪದಾರ್ಥವೊಂದನ್ನು ತೋರಿಸಿಕೊಡಿರೆಂದು ವೈದ್ಯರನ್ನು ಬೇಡಿದರು; 1929ರಲ್ಲಿ ಬೇಯಿಸದ ಆಹಾರದ ಪ್ರಯೋಗ ನಡೆಸಿ ಮತ್ತೆ ಕಾಯಿಲೆ ಬಿದ್ದರು. ಇವೆರಡರ ನಡುವೆ, 1927ರಲ್ಲಿ, ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆಯುತ್ತಿದ್ದಾಗ ಅಲ್ಲಿನ ಇಂಪೀರಿಯಲ್ ಡೈರಿಗೆ ಹೋಗಿ ಗೋಪಾಲನೆಯ ಪಾಠ ಕೇಳಿದರು. ಹಸುವಿನ ಹಾಲನ್ನು ತಾವು ಮುಟ್ಟದವರು ಇತರರಿಗಾಗಿ ಹಸುವಿನ ಯೋಗಕ್ಷೇಮವನ್ನು ಕಲಿಯಲು ಹೋದುದು ವಿಚಿತ್ರವೆನಿಸಬಹುದು; ಹಾಲು ಕುಡಿಯುವ ದೇಶದಲ್ಲಿ ಹಸುವನ್ನು ಉಳಿಸುವ ದಾರಿ ಅವರಿಗೆ ಬೇರೆ ಕಾಣಲಿಲ್ಲ. 1931ರ ನವೆಂಬರ್ 20ರಂದು ಲಂಡನ್ನಿನ ಸಸ್ಯಾಹಾರಿ ಸಂಘದ ಸಭೆಯಲ್ಲಿ ಮಾತನಾಡುವಾಗಲೂ ತಮ್ಮ ಸೋಲನ್ನು ಅವರು ಬಚ್ಚಿಡಲಿಲ್ಲ. ಸಸ್ಯಾಹಾರಕ್ಕೆ ಆರೋಗ್ಯದ ಆಧಾರ ಸಾಲದು, ನೀತಿಯ ಆಧಾರ ಬೇಕು ಎಂಬುದು ಅಂದಿನ ಭಾಷಣದ ತಿರುಳು.

ಆ ಮಾತು ಬೇರೂರಲು ಇಂಗ್ಲೆಂಡಿನಲ್ಲಿ ನೆಲ ಹದವಾಗಿತ್ತು. ಅಲ್ಲಿ ಸಸ್ಯಾಹಾರಿ ಸಂಘ ಸ್ಥಾಪನೆಯಾದುದು 1847ರಲ್ಲಿ. 1909ರಿಂದ 1912ರವರೆಗೆ ಅದರ ಪತ್ರಿಕೆಯಲ್ಲಿ ಹಾಲು ಮೊಟ್ಟೆಗಳ ಕುರಿತು ವಾದವಿವಾದ ನಡೆದು ತಣ್ಣಗಾಗಿತ್ತು. ಅದನ್ನು ಮತ್ತೆ ಎಬ್ಬಿಸಿದವರು ಲೆಸ್ಟರ್ ನಗರದಲ್ಲಿ ಮರಗೆಲಸ ಕಲಿಸುತ್ತಿದ್ದ ಡೊನಾಲ್ಡ್ ವಾಟ್ಸನ್ ಎಂಬ ಶಾಲಾಶಿಕ್ಷಕರು. ಬಾಲ್ಯದಲ್ಲಿ ಚಿಕ್ಕಪ್ಪನ ಹೊಲಮನೆಯಲ್ಲಿ ಹಂದಿಯೊಂದನ್ನು ಕೊಂದುದನ್ನು ಕಂಡು, ಹದಿನಾಲ್ಕನೆಯ ವಯಸ್ಸಿನಲ್ಲಿ ಮಾಂಸ ಬಿಟ್ಟವರು. ಎರಡನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದವರು. ಹಾಲು ಬಿಟ್ಟವರಿಗೆ ಸಂಘದೊಳಗೇ ಒಂದು ವಿಭಾಗ ಬೇಕೆಂಬ ಕೋರಿಕೆಗೆ ಹಳೆಯ ಸಂಘ ಸಮ್ಮತಿಸಲಿಲ್ಲ. 1944ರ ನವೆಂಬರಿನಲ್ಲಿ, ಲಂಡನ್ನಿನ ಮೇಲೆ ಜರ್ಮನರ ರಾಕೆಟ್‌ಗಳು ಬೀಳುತ್ತಿದ್ದ ದಿನಗಳಲ್ಲಿ, ಆರು ಮಂದಿ ಸೇರಿ ಬೇರೆ ಸಂಘ ಕಟ್ಟಿದರು. ಹೆಸರಿಗಾಗಿ ಡೈರಿಬಾನ್, ಬೆನೆವೋರ್ ಮೊದಲಾದ ಸಲಹೆಗಳು ಬಂದಿದ್ದವು. ಕಡೆಗೆ ನಿಂತದ್ದು ‘ವೆಜಿಟೇರಿಯನ್’ ಎಂಬ ಪದದ ಮೊದಲ ಮೂರು ಮತ್ತು ಕಡೆಯ ಎರಡು ಅಕ್ಷರಗಳನ್ನು ಕೂಡಿಸಿದ ‘ವೀಗನ್’. ಸಸ್ಯಾಹಾರದ ಆರಂಭವನ್ನು ಅದರ ಅಂತ್ಯದವರೆಗೆ ಒಯ್ಯುವುದು ಅದರ ಭಾವ.

ಈ ಜನರ ಧೈರ್ಯವನ್ನು ಮೆಚ್ಚಬೇಕು. ಯುದ್ಧಕಾಲದ ಪಡಿತರದಲ್ಲಿ ಮಾಂಸದ ಚೀಟಿ ಬಿಟ್ಟ ಸಸ್ಯಾಹಾರಿಗೆ ಹೆಚ್ಚುವರಿ ಚೀಸ್ ಸಿಗುತ್ತಿತ್ತು. ಇವರಿಗೆ ಅದೂ ಉಪಯೋಗವಿಲ್ಲ. ಆಲೂಗಡ್ಡೆ, ಕ್ಯಾರೆಟ್, ಕೋಸು, ಬ್ರೆಡ್ಡು ಇವೇ ಮುಖ್ಯ ಆಧಾರ. ಆದರೆ ಅವರಿಗೂ ತಿಳಿಯದ ಒಂದು ವಿಷಯವಿತ್ತು. ಆಗ ಜಗತ್ತಿನಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ.

ಮಾರಕ ರಕ್ತಹೀನತೆಯೆಂಬ ವ್ಯಾಧಿಗೆ ಪ್ರಾಣಿಗಳ ಯಕೃತ್ತನ್ನು ತಿನ್ನಿಸಿದರೆ ಗುಣವಾಗುವುದೆಂದು 1926ರಲ್ಲಿ ಅಮೆರಿಕದ ವೈದ್ಯರು ಕಂಡುಕೊಂಡಿದ್ದರು. ಪ್ರಸಿದ್ಧ ಸಸ್ಯಾಹಾರಿ ಬರ್ನಾರ್ಡ್ ಷಾ 1938ರಲ್ಲಿ ಆ ವ್ಯಾಧಿಯಿಂದ ನರಳಿದಾಗ ಯಕೃತ್ತಿನ ಸಾರದ ಚುಚ್ಚುಮದ್ದು ಪಡೆದು, ಸಸ್ಯಾಹಾರಿ ಮಿತ್ರರಿಂದ ಮಾತು ಕೇಳಬೇಕಾಯಿತು. ಆ ವ್ಯಾಧಿಯು ಜಠರದ ದೋಷದಿಂದ ಬರುವುದು, ಮಾಂಸಾಹಾರಿಗೂ ತಪ್ಪದು. ಆದರೂ ವ್ರತ ಮತ್ತು ಪ್ರಾಣಗಳ ನಡುವಿನ ಇಕ್ಕಟ್ಟು ಮುಂಬಯಿಯಲ್ಲಿ ಕಂಡಂಥದೇ. ಯಕೃತ್ತಿನಲ್ಲಿರುವ ಆ ಸತ್ತ್ವ ಯಾವುದು?

1948ರ ಜನವರಿ 30ರ ಸಂಜೆ ಗಾಂಧೀಜಿಯವರು ಮಾಡಿದ ಕೊನೆಯ ಊಟದಲ್ಲಿಯೂ ಆಡಿನ ಹಾಲಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಮರ್ಕ್ ಸಂಸ್ಥೆಯಲ್ಲಿ ಕಾರ್ಲ್ ಫೋಕರ್ಸ್ ಅವರ ತಂಡವೂ, ಇಂಗ್ಲೆಂಡಿನ ಗ್ಲಾಕ್ಸೊ ಸಂಸ್ಥೆಯಲ್ಲಿ ಲೆಸ್ಟರ್ ಸ್ಮಿತ್ ಅವರೂ ಆ ಸತ್ತ್ವವನ್ನು ಕೆಂಪು ಹರಳುಗಳಾಗಿ ಬೇರ್ಪಡಿಸಿದ ವಾರ್ತೆಯನ್ನು ಪ್ರಕಟಿಸಿದರು. ಅದೇ ಬಿ12 ಜೀವಸತ್ತ್ವ. ಸಸ್ಯಗಳು ಇದನ್ನು ಉತ್ಪಾದಿಸವು. ವಿಶೇಷವೆಂದರೆ ಪ್ರಾಣಿಗಳೂ ಉತ್ಪಾದಿಸವು. ಇದನ್ನು ನಿರ್ಮಿಸುವುದು ಕೆಲವು ಸೂಕ್ಷ್ಮಾಣುಗಳು ಮಾತ್ರ. ಹಸುವಿನ ಮೊದಲ ಹೊಟ್ಟೆಯಲ್ಲಿ ಅವು ಮಾಡಿದ್ದು ಹಾಲಿಗೂ ಮಾಂಸಕ್ಕೂ ಸೇರುತ್ತದೆ. ಅದೇ ವರ್ಷವೇ ಔಷಧಕ್ಕಾಗಿ ಬೆಳೆಸುತ್ತಿದ್ದ ಒಂದು ಸೂಕ್ಷ್ಮಾಣುವಿನ ದ್ರಾವಣದಲ್ಲಿಯೂ ಇದು ದೊರೆಯಿತು. ಟನ್ನುಗಟ್ಟಲೆ ಯಕೃತ್ತಿನಿಂದ ಕಿಂಚಿತ್ತು ಪಡೆಯುತ್ತಿದ್ದುದನ್ನು ಇನ್ನು ಯಾವ ಪಶುವನ್ನೂ ಮುಟ್ಟದೆ ಪಡೆಯುವ ದಾರಿ ತೆರೆಯಿತು. ಸೂಕ್ಷ್ಮಜೀವಿಗಳ ಹಿಂಸೆಯ ಪ್ರಶ್ನೆ ಜೈನನಿಗೆ ಇಲ್ಲಿಯೂ ಉಳಿಯುತ್ತದೆ. ಆದರೆ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಜೀವಗಳ ತಾರತಮ್ಯವನ್ನು ಬಲ್ಲ ಶ್ರಾವಕನಿಗೆ ಇವೆರಡು ಸಮವೆನಿಸಲಾರವು.

ಈ ಜ್ಞಾನ ವೀಗನ್ ಮನೆಗಳನ್ನು ತಲುಪುವ ಮುನ್ನ ಕೆಲವರು ಬೆಲೆ ತೆತ್ತರು. ಬಿ12 ಸತ್ತ್ವವು ಯಕೃತ್ತಿನಲ್ಲಿ ವರ್ಷಗಟ್ಟಲೆ ಕೂಡಿಟ್ಟಿರುತ್ತದೆ. ಆದುದರಿಂದ ಹಾಲು ಬಿಟ್ಟವನು ಮೊದಲ ಕೆಲವು ವರ್ಷ ಆರೋಗ್ಯವಾಗಿಯೇ ಇದ್ದು, ತನಗೆ ಏನೂ ಆಗದೆಂದು ನಂಬುತ್ತಾನೆ. ಅನಂತರ ನಾಲಗೆ ಉರಿ, ಕೈಕಾಲುಗಳಲ್ಲಿ ಜುಮ್ಮೆನ್ನುವಿಕೆ, ಆಯಾಸ, ಮರೆವು ತೋರುತ್ತವೆ. ಸೊಪ್ಪುಗಳಲ್ಲಿರುವ ಫೋಲೇಟ್ ರಕ್ತಹೀನತೆಯನ್ನು ಮರೆಮಾಚುವುದರಿಂದ ನರಗಳ ಹಾನಿ ಸದ್ದಿಲ್ಲದೆ ಮುಂದುವರಿಯಬಹುದು. 1955ರಲ್ಲಿ ಫ್ರಾಂಕ್ ವೋಕ್ಸ್ ಮತ್ತು ಸಂಗಡಿಗರು ಬ್ರಿಟನ್ನಿನ ವೀಗನರಲ್ಲಿ ಈ ಕೊರತೆಯನ್ನು ಗುರುತಿಸಿ ಪ್ರಕಟಿಸಿದರು. ವೋಕ್ಸ್ ಸ್ವತಃ ಸಸ್ಯಾಹಾರಿ. ಆದುದರಿಂದ ವಿರೋಧಿಗಳ ಅಪಪ್ರಚಾರವೆಂದು ಅದನ್ನು ತಳ್ಳಿಹಾಕಲಾಗಲಿಲ್ಲ. 1956ರಲ್ಲಿ ಲೆಸ್ಲಿ ಕ್ರಾಸ್ ಮೊದಲಾದವರು ಸಸ್ಯಕ್ಷೀರಕ್ಕಾಗಿಯೇ ಒಂದು ಸಂಘ ಸ್ಥಾಪಿಸಿದರು. 1965ರಲ್ಲಿ ಅವರ ಸೋಯಾ ಹಾಲು ಅಂಗಡಿಗಳಿಗೆ ಬಂದಿತು. ಗಾಂಧೀಜಿ ವೈದ್ಯರಲ್ಲಿ ಬೇಡಿದ್ದ ವಸ್ತು ಒಂದು ಬಗೆಯಲ್ಲಿ ಅದೇ. ಇತ್ತ ಅಮೆರಿಕದಲ್ಲಿ ಜೇ ದಿನ್‌ಶಾ 1960ರಲ್ಲಿ ವೀಗನ್ ಸಂಘ ಕಟ್ಟಿ, ಅದರ ಪತ್ರಿಕೆಗೆ ‘ಅಹಿಂಸಾ’ ಎಂದೇ ಹೆಸರಿಟ್ಟರು. ಪದವು ಹೊರಟ ಮನೆಗೆ ಸುತ್ತಿ ಬಂದಂತಾಯಿತು.

ಕನ್ನಡನಾಡಿನ ಜೈನ ಅಡುಗೆಮನೆಗೆ ಈ ಚರಿತ್ರೆಯನ್ನು ಅನ್ವಯಿಸುವಾಗ ಅನುಕೂಲವೂ ಉಂಟು, ಅಪಾಯವೂ ಉಂಟು. ಇಂಗ್ಲಿಷರ ಗೆಡ್ಡೆಗೆಣಸು, ಅಣಬೆಗಳು ಇಲ್ಲಿ ವರ್ಜ್ಯ. ಅವುಗಳ ಅಗತ್ಯವೂ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ತ್ವವಿದ್ದು, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿರುವುದಕ್ಕಿಂತ ಅದು ಬಹುಪಾಲು ಹೆಚ್ಚು. ಎಳ್ಳು, ಹುರುಳಿ, ತೊಗರಿ, ಕಡಲೆ, ನುಗ್ಗೆಸೊಪ್ಪು, ದಂಟಿನಸೊಪ್ಪುಗಳಿಂದ ಸಸಾರಜನಕ, ಕಬ್ಬಿಣಗಳಿಗೂ ತೊಂದರೆಯಿಲ್ಲ. ಊಟದ ಜೊತೆಗೇ ಕಾಫಿ ಟೀ ಕುಡಿಯದಿದ್ದರಾಯಿತು. ಪಾಯಸಕ್ಕೆ ತೆಂಗಿನ ಹಾಲು ನಮ್ಮವರಿಗೆ ಹೊಸದೇನೂ ಅಲ್ಲ. ಆದರೆ ಇವಾವುದರಲ್ಲಿಯೂ ಬಿ12 ಇಲ್ಲ. ಹುಳಿಹಿಟ್ಟಿನ ಇಡ್ಲಿ, ಸ್ಪಿರುಲಿನಾ ಪಾಚಿ, ತೊಳೆಯದ ಸೊಪ್ಪು ಇವುಗಳಿಂದ ದೊರೆಯುವುದೆಂಬ ಪ್ರಚಾರವನ್ನು ನಂಬುವಂತಿಲ್ಲ. ಪಾಚಿಯಲ್ಲಿರುವುದು ಬಹುತೇಕ ಮನುಷ್ಯನಿಗೆ ಒದಗದ ಹುಸಿ ರೂಪ. ದಿನಕ್ಕೆ ಬೇಕಾದುದು 2ರಿಂದ 2.5 ಮೈಕ್ರೋಗ್ರಾಂ ಮಾತ್ರ. ಅದಕ್ಕೆ ಮಾತ್ರೆ ಅಥವಾ ಸತ್ತ್ವ ಬೆರೆಸಿದ ಆಹಾರವೇ ಗತಿ. ನೀರುಮಜ್ಜಿಗೆಯನ್ನಷ್ಟೇ ನೆಚ್ಚಿದ ಮನೆಗಳಲ್ಲಿಯೂ ಈ ಕೊರತೆ ಅಪರೂಪವಲ್ಲವೆಂಬುದನ್ನು ನೆನೆದರೆ, ಈ ಎಚ್ಚರಿಕೆ ಹಾಲು ಬಿಟ್ಟವರಿಗಷ್ಟೇ ಮೀಸಲಲ್ಲ. ಗರ್ಭಿಣಿಯರು ಮತ್ತು ಎದೆಹಾಲು ಕೊಡುವ ತಾಯಂದಿರು ಇದನ್ನು ಅಲಕ್ಷಿಸಲೇಬಾರದು. ತಾಯಿಯಲ್ಲಿ ಇಲ್ಲದ ಸತ್ತ್ವ ಎದೆಹಾಲಿನಲ್ಲಿ ಬಾರದು. ಕೂಸಿನ ಮಿದುಳಿನ ಬೆಳವಣಿಗೆಯೇ ಕುಂಠಿತವಾದ ಪ್ರಕರಣಗಳನ್ನು ಭಾರತದ ಮಕ್ಕಳ ವೈದ್ಯರು ಬಲ್ಲರು. ವ್ರತ ತೊಟ್ಟವಳು ತಾಯಿ, ಫಲವುಣ್ಣುವುದು ಕೂಸು ಎಂದಾದರೆ ಅದಕ್ಕೆ ಯಾವ ಶಾಸ್ತ್ರದ ಸಮರ್ಥನೆಯೂ ಸಿಗದು.

ಹಾಲಿನ ಪ್ರಶ್ನೆ ಇಂದು ಗಾಂಧೀಜಿಯ ಕಾಲದಲ್ಲಿದ್ದುದಕ್ಕಿಂತ ತೀಕ್ಷ್ಣವಾಗಿದೆ. ಅವರು ಹಾಲಿಲ್ಲದೆ ಕುಸಿದುಬಿದ್ದ ಖೇಡಾ ಜಿಲ್ಲೆಯ ಆನಂದದಲ್ಲಿಯೇ 1946ರಲ್ಲಿ ಮುಂದೆ ‘ಅಮುಲ್’ ಎಂದು ಹೆಸರಾದ ಹಾಲು ಒಕ್ಕೂಟ ಹುಟ್ಟಿತು. 1970ರಲ್ಲಿ ಕ್ಷೀರಕ್ರಾಂತಿಯ ಯೋಜನೆ ಆರಂಭವಾಯಿತು. 2023–24ರಲ್ಲಿ ದೇಶದ ಹಾಲಿನ ಉತ್ಪಾದನೆ 23.9 ಕೋಟಿ ಟನ್. ಇದರಿಂದ ಲಕ್ಷಾಂತರ ಬಡ ಕುಟುಂಬಗಳಿಗೆ, ಅದರಲ್ಲಿಯೂ ಹೆಂಗಸರಿಗೆ, ಕೈಗೆ ಕಾಸು ಬಂದುದು ಸಣ್ಣ ಮಾತಲ್ಲ. ಹಾಲು ಬಿಡಿರೆಂದು ಉಪದೇಶಿಸುವವರು ಆ ಕುಟುಂಬಗಳ ಮುಖವನ್ನೂ ನೋಡಬೇಕು. ಆದರೆ ಹಿತ್ತಲಿನ ಹಸುವಿನ ಎರಡು ಮೊಲೆಗಳನ್ನು ಕರುವಿಗೆ ಬಿಡುತ್ತಿದ್ದ ರೂಢಿ ಎಷ್ಟು ಕಡೆ ಉಳಿದಿದೆ? ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರುವಿಗೆ ಬೆಲೆಯಿಲ್ಲ. ಬತ್ತಿದ ಹಸುವಿಗೂ ಇಲ್ಲ. ಅಭಿಷೇಕದ ಹಾಲಿನವರೆಗೂ ಈ ವಿಚಾರ ತಲುಪುತ್ತದೆ. ದಿಗಂಬರ ತೇರಾಪಂಥದವರು ಜಲಾಭಿಷೇಕದಲ್ಲಿಯೇ ನಿಂತವರು. ಪಂಚಾಮೃತದ ಪರಂಪರೆಯುಳ್ಳ ದಕ್ಷಿಣದಲ್ಲಿ ಚರ್ಚೆ ಇನ್ನೂ ಮೆಲುದನಿಯಲ್ಲಿದೆ.

1979ರಲ್ಲಿ ವಾಟ್ಸನ್ನರ ಸಂಘವು ತನ್ನ ಧ್ಯೇಯವನ್ನು ನಿರೂಪಿಸುವಾಗ, ಪ್ರಾಣಿಗಳ ಶೋಷಣೆಯನ್ನು ಸಾಧ್ಯವಾದಷ್ಟು ಮತ್ತು ಆಚರಣೆಗೆ ಒದಗುವಷ್ಟು ವರ್ಜಿಸುವುದೆಂಬ ಮಿತಿಯನ್ನು ಸೇರಿಸಿತು. ಮಹಾವ್ರತ ಮತ್ತು ಅಣುವ್ರತಗಳ ಭೇದವನ್ನು ಬಲ್ಲವರಿಗೆ ಆ ಮಿತಿ ಅಪರಿಚಿತವಲ್ಲ. ವಾಟ್ಸನ್ 2005ರ ನವೆಂಬರಿನಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಾಲು ಬಿಟ್ಟು ಅರುವತ್ತು ವರ್ಷ ದಾಟಿತ್ತು. ಭಾರತದಲ್ಲಿ ಆಹಾರದ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಹಾಲಿರುವ ಪದಾರ್ಥಕ್ಕೂ ಸಲ್ಲುತ್ತದೆ. ವೀಗನ್ ಪದಾರ್ಥಗಳಿಗೆ ಪ್ರತ್ಯೇಕ ಗುರುತನ್ನು ನಿಗದಿಪಡಿಸಿದ ನಿಯಮ ಬಂದುದು 2022ರಲ್ಲಿ. ಔಷಧದ ಅಂಗಡಿಯಲ್ಲಿ ಮಾತ್ರ ಕೊಳ್ಳುವವನೇ ವಿಚಾರಿಸಿಕೊಳ್ಳಬೇಕು: ಬಿ12 ಸತ್ತ್ವ ಸೂಕ್ಷ್ಮಾಣುಗಳಿಂದಲೇ ಬಂದಿದ್ದರೂ ಅದನ್ನು ತುಂಬಿದ ಕ್ಯಾಪ್ಸೂಲಿನ ಹೊರಚಿಪ್ಪು ಅನೇಕ ವೇಳೆ ಪಶುಗಳ ಚರ್ಮ ಮತ್ತು ಮೂಳೆಗಳಿಂದ ತೆಗೆದ ಜೆಲಟಿನ್ ಆಗಿರುತ್ತದೆ.