ಅನ್ಯಾಯ ಯಾರಿಗೆ ಆಯಿತು? ಧಾರ್ಮಿಕ ಸಮುದಾಯಗಳ ಒಳವಿಚಾರಣೆ ಮತ್ತು ಮಕ್ಕಳ ದೂರು

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೂರುಗಳು ಬಂದಾಗ ಸಂಸ್ಥೆಗಳು ಹೇಗೆ ನಡೆದುಕೊಂಡವು ಎಂಬುದನ್ನು ಪರಿಶೀಲಿಸಲು ಆಸ್ಟ್ರೇಲಿಯ ಸರ್ಕಾರ 2013ರ ಜನವರಿಯಲ್ಲಿ ಒಂದು ರಾಯಲ್ ಕಮಿಷನ್ ನೇಮಿಸಿತು. ನ್ಯಾಯಮೂರ್ತಿ ಪೀಟರ್ ಮೆಕ್ಲೆಲನ್ ಅದರ ಅಧ್ಯಕ್ಷರು. ಆಯೋಗ 57 ಬಹಿರಂಗ ವಿಚಾರಣೆಗಳನ್ನು ನಡೆಸಿತು, ಎಂಟು ಸಾವಿರಕ್ಕೂ ಹೆಚ್ಚು ಜನರ ಮಾತನ್ನು ಖಾಸಗಿಯಾಗಿ ಕೇಳಿಸಿಕೊಂಡಿತು, 2017ರ ಡಿಸೆಂಬರ್ 15ರಂದು 17 ಸಂಪುಟಗಳ ಅಂತಿಮ ವರದಿ ಸಲ್ಲಿಸಿತು. ಶಾಲೆ, ಅನಾಥಾಲಯ, ಕ್ರೀಡಾ ಕ್ಲಬ್ಬು, ಸೇನಾ ತರಬೇತಿ ಕೇಂದ್ರ ಎಲ್ಲವೂ ಅದರ ವ್ಯಾಪ್ತಿಗೆ ಬಂದವು. ಆದರೆ ಧಾರ್ಮಿಕ ಸಂಸ್ಥೆಗಳಿಗೆ ಮೀಸಲಾದ 16ನೆಯ ಸಂಪುಟವನ್ನು ಮೂರು ಪುಸ್ತಕಗಳಾಗಿ ಹಂಚಬೇಕಾಯಿತು. ಖಾಸಗಿಯಾಗಿ ತಮ್ಮ ನೋವನ್ನು ಹೇಳಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಧಾರ್ಮಿಕ ಸಂಸ್ಥೆಗಳಲ್ಲಿ ನಡೆದುದನ್ನೇ ಹೇಳಿದ್ದರು.

ಈ ದಾಖಲೆಗಳನ್ನು ಓದುವವರು ಸಾಮಾನ್ಯವಾಗಿ ಬರುವ ತೀರ್ಮಾನ ಒಂದೇ: ಸಂಸ್ಥೆಯ ಮಾನ ಉಳಿಸಲು ಎಲ್ಲರೂ ಸೇರಿ ಮುಚ್ಚಿಹಾಕಿದರು. ತೀರ್ಮಾನ ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ದಾಖಲೆಯ ಬಹುಭಾಗ ಅರ್ಥವಾಗದೆ ಉಳಿಯುತ್ತದೆ. ಅನೇಕ ಕಡೆ ದೂರನ್ನು ಕೇಳಿದ್ದಾರೆ, ಬರೆದುಕೊಂಡಿದ್ದಾರೆ, ಆರೋಪಿಯನ್ನು ಕರೆಸಿದ್ದಾರೆ, ಶಿಕ್ಷೆಯನ್ನೂ ಕೊಟ್ಟಿದ್ದಾರೆ. ವಿಚಾರಣೆ ನಡೆದೂ ಮಗುವಿಗೆ ನ್ಯಾಯ ಸಿಗದಿರುವುದು ಹೇಗೆ? ಆ ವಿಚಾರಣೆಗಳಲ್ಲಿ ಅನ್ಯಾಯಕ್ಕೊಳಗಾದ ಪಕ್ಷ ಮಗುವೇ ಆಗಿರಲಿಲ್ಲ ಎಂಬುದು ಈ ಲೇಖನದ ವಾದ. ದೇವರ ಆಜ್ಞೆ, ಸಭೆಯ ಶುದ್ಧಿ, ಪಾದ್ರಿಯ ವ್ರತ ಇವು ಭಂಗಗೊಂಡವು ಎಂದು ವಿಚಾರಣೆ ನಡೆಯಿತು. ಮಗು ಅಲ್ಲಿ ಸಾಕ್ಷಿ ಮಾತ್ರ, ಕೆಲವೊಮ್ಮೆ ಸಾಲದ ಸಾಕ್ಷಿ.

ಯೆಹೋವನ ಸಾಕ್ಷಿಗಳ ಪ್ರಕರಣದಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಭಾರತದ ಓದುಗರು ಈ ಪಂಥವನ್ನು ಬಹುಮಟ್ಟಿಗೆ 1986ರ ಬಿಜೋಯ್ ಇಮ್ಯಾನುಯೆಲ್ ತೀರ್ಪಿನಿಂದ ಬಲ್ಲರು. ರಾಷ್ಟ್ರಗೀತೆಯನ್ನು ಹಾಡದೆ, ಆದರೆ ಗೌರವದಿಂದ ಎದ್ದು ನಿಲ್ಲುತ್ತಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ ಹೇಳಿತು. ಮಕ್ಕಳ ಆತ್ಮಸಾಕ್ಷಿಗಾಗಿ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋದ ಪಂಥವೇ ಮಕ್ಕಳ ಮಾತಿಗೆ ತನ್ನ ಒಳಗೆ ಎಷ್ಟು ಬೆಲೆ ಕೊಟ್ಟಿತು ಎಂಬುದು 2015ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸಿಡ್ನಿಯಲ್ಲಿ ನಡೆದ ವಿಚಾರಣೆಯಲ್ಲಿ ಹೊರಬಂತು. ಪಂಥದ ಆಸ್ಟ್ರೇಲಿಯ ಶಾಖೆಯ ಕಡತಗಳಲ್ಲಿ 1950ರಿಂದ ಈಚೆಗೆ 1,006 ಮಂದಿಯ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಆರೋಪಗಳು ದಾಖಲಾಗಿದ್ದವು. ಅವರಲ್ಲಿ 579 ಮಂದಿ ತಪ್ಪೊಪ್ಪಿಕೊಂಡಿದ್ದರೆಂದು ಅವೇ ಕಡತಗಳು ಹೇಳುತ್ತಿದ್ದವು. 401 ಮಂದಿಗೆ ಬಹಿಷ್ಕಾರ ವಿಧಿಸಿ, ಅವರಲ್ಲಿ 230 ಮಂದಿಯನ್ನು ಮುಂದೆ ಮತ್ತೆ ಸಭೆಗೆ ಸೇರಿಸಿಕೊಳ್ಳಲಾಗಿತ್ತು. ಆ 1,006 ಮಂದಿಯಲ್ಲಿ ಒಬ್ಬರ ಬಗೆಗಾದರೂ ಸಂಸ್ಥೆ ತಾನಾಗಿ ಪೊಲೀಸರಿಗೆ ತಿಳಿಸಿತ್ತು ಎನ್ನಲು ಆಯೋಗಕ್ಕೆ ಆಧಾರ ಸಿಗಲಿಲ್ಲ.

ಈ ಅಂಕಿಗಳು ಸಿಕ್ಕಿದ್ದೇ ಆ ಪಂಥದ ಶಿಸ್ತಿನಿಂದ ಎಂಬುದನ್ನು ಮರೆಯಬಾರದು. ಪ್ರತಿ ದೂರಿಗೂ ಒಂದು ಕಡತ, ಪ್ರತಿ ತೀರ್ಮಾನಕ್ಕೂ ಶಾಖಾ ಕಚೇರಿಗೆ ಒಂದು ಪತ್ರ. ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯ 489ನೆಯ ವಿಧಿ ಇದಕ್ಕೆ ನೇರ ವಿರುದ್ಧ: ನೈತಿಕ ಅಪರಾಧಗಳ ಕಡತಗಳನ್ನು ಬಿಷಪರ ರಹಸ್ಯ ಭಂಡಾರದಲ್ಲಿ ಇಡಬೇಕು, ಆರೋಪಿ ತೀರಿಕೊಂಡಿದ್ದರೆ ಅಥವಾ ಶಿಕ್ಷೆಯಾಗಿ ಹತ್ತು ವರ್ಷ ಕಳೆದಿದ್ದರೆ ಚಿಕ್ಕ ಟಿಪ್ಪಣಿ ಮತ್ತು ತೀರ್ಪನ್ನು ಉಳಿಸಿಕೊಂಡು ಮಿಕ್ಕದ್ದನ್ನು ನಾಶಮಾಡಬೇಕು. ಯೆಹೋವನ ಸಾಕ್ಷಿಗಳ ಸಭೆಗಳನ್ನು ನಡೆಸುವ ಹಿರಿಯರು ಬಚ್ಚಿಡುವ ಉದ್ದೇಶದಿಂದ ಬರೆಯುತ್ತಿರಲಿಲ್ಲ. ತಾವು ಮಾಡುತ್ತಿರುವುದು ನ್ಯಾಯದಾನವೆಂದೇ ಅವರು ನಂಬಿದ್ದರು.

ಆ ನ್ಯಾಯದಾನದ ಕ್ರಮ ಹೀಗೆ. ದೂರು ಬಂದರೆ ಇಬ್ಬರು ಹಿರಿಯರು ವಿಚಾರಿಸುತ್ತಾರೆ. ಆರೋಪಿ ಒಪ್ಪಿಕೊಂಡರೆ, ಅಥವಾ ಕೃತ್ಯಕ್ಕೆ ಇಬ್ಬರು ಸಾಕ್ಷಿಗಳಿದ್ದರೆ, ಹಿರಿಯರ ನ್ಯಾಯಸಮಿತಿ ಕೂಡುತ್ತದೆ. ಆರೋಪಿ ಅಲ್ಲಗಳೆದು, ಹೇಳುತ್ತಿರುವುದು ಮಗು ಒಂದೇ ಆಗಿದ್ದರೆ, ವಿಷಯವನ್ನು ಯೆಹೋವನ ಕೈಗೆ ಬಿಡಲಾಗುತ್ತದೆ. ಆಧಾರ ಧರ್ಮೋಪದೇಶಕಾಂಡದ 19ನೆಯ ಅಧ್ಯಾಯ: ಒಬ್ಬನ ಸಾಕ್ಷಿಯಿಂದ ಯಾರನ್ನೂ ಅಪರಾಧಿ ಎನ್ನಬಾರದು, ಇಬ್ಬರು ಅಥವಾ ಮೂವರು ಬೇಕು. ಹಿರಿಯರೆಲ್ಲ ಗಂಡಸರು. ಆಯೋಗದ ದಾಖಲೆಯಲ್ಲಿ ಬಿಸಿಜಿ ಎಂಬ ಅಕ್ಷರಗಳಿಂದಷ್ಟೇ ಗುರುತಿಸಲಾದ ಮಹಿಳೆ ತನ್ನ ತಂದೆಯ ಮೇಲಿನ ದೂರನ್ನು ಆ ಗಂಡಸರ ಮುಂದೆ, ತಂದೆಯನ್ನೂ ಎದುರಿಗೆ ಕೂರಿಸಿಕೊಂಡು ಹೇಳಬೇಕಾಯಿತು.

ಇಬ್ಬರು ಸಾಕ್ಷಿಗಳ ನಿಯಮ ಮೂಲದಲ್ಲಿ ಕ್ರೂರವಲ್ಲ. ಒಬ್ಬನ ಹಗೆಗೆ ಇನ್ನೊಬ್ಬನ ತಲೆ ಹೋಗಬಾರದು ಎಂಬ ಎಚ್ಚರ ಅದರಲ್ಲಿದೆ. ಆದರೆ ಸಾಕ್ಷಿಯೇ ಇರದಂತೆ ನೋಡಿಕೊಂಡು ಎಸಗುವ ಕೃತ್ಯಕ್ಕೆ ಅದನ್ನು ಅನ್ವಯಿಸಿದರೆ ಅದು ಆರೋಪಿಯ ಕೈಗೆ ಸಿಕ್ಕ ಗುರಾಣಿಯಾಗುತ್ತದೆ. ವಿಚಾರಣೆಯ ಅತ್ಯಂತ ಸ್ವಾರಸ್ಯದ ಭಾಗ ಇಲ್ಲಿಯೇ ಬರುತ್ತದೆ. ಪಂಥದ ಆಡಳಿತ ಮಂಡಳಿಯ ಸದಸ್ಯ ಜೆಫ್ರಿ ಜ್ಯಾಕ್ಸನ್ 2015ರ ಆಗಸ್ಟ್ 14ರಂದು ಸಾಕ್ಷ್ಯ ನುಡಿದಾಗ, ಆಯೋಗದ ವಕೀಲ ಆ್ಯಂಗಸ್ ಸ್ಟೂವರ್ಟ್ ಅದೇ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವನ್ನು ತೆರೆದಿಟ್ಟರು. ನಿಶ್ಚಿತಾರ್ಥವಾದ ಹೆಣ್ಣನ್ನು ಹೊಲದಲ್ಲಿ ಒಬ್ಬ ಬಲಾತ್ಕರಿಸಿದರೆ ಅವನಿಗೆ ಮಾತ್ರ ಶಿಕ್ಷೆ, ಅವಳು ಕೂಗಿಕೊಂಡರೂ ಕೇಳುವವರು ಅಲ್ಲಿರಲಿಲ್ಲ ಎನ್ನುತ್ತದೆ ಆ ವಿಧಿ. ಎರಡನೆಯ ಸಾಕ್ಷಿಯ ಮಾತೇ ಅಲ್ಲಿಲ್ಲ. ಹಾಗಿದ್ದ ಮೇಲೆ ಲೈಂಗಿಕ ದೌರ್ಜನ್ಯಕ್ಕೆ ಒಬ್ಬರ ಸಾಕ್ಷಿ ಸಾಲುವುದಿಲ್ಲವೆ ಎಂಬ ಪ್ರಶ್ನೆ ಬಂತು. ಅದನ್ನು ತಾನು ಯೇಸುವನ್ನೇ ಕೇಳಬಯಸುವುದಾಗಿಯೂ ಸದ್ಯಕ್ಕೆ ಅದು ಸಾಧ್ಯವಿಲ್ಲವೆಂದೂ ಜ್ಯಾಕ್ಸನ್ ಹೇಳಿದರು. ಇದನ್ನು ಜಾಣ ನುಣುಚಿಕೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಇದು ಪ್ರಾಮಾಣಿಕ ಉತ್ತರವೆಂದೇ ತೋರುತ್ತದೆ, ಹಾಗಾಗಿ ಹೆಚ್ಚು ಗಂಭೀರ. ಗ್ರಂಥದ ಒಳಗೇ ಎರಡು ದಾರಿಗಳಿದ್ದವು. ಸಂಸ್ಥೆ ಅವುಗಳಲ್ಲಿ ಒಂದನ್ನು ಆರಿಸಿಕೊಂಡಿತ್ತು, ಆರಿಸಿಕೊಂಡದ್ದನ್ನು ದೇವರ ಆಜ್ಞೆ ಎಂದು ಕರೆದಿತ್ತು. ಸರ್ಕಾರಕ್ಕೆ ತಿಳಿಸುವುದರಿಂದ ದೇವರ ಹೆಸರಿಗೆ ಕಳಂಕ ಬರುವುದಿಲ್ಲ ಎಂದು ಪಂಥದ ಪತ್ರಿಕೆ 2019ರಲ್ಲಿ ಬರೆಯಿತು. ಒಳವಿಚಾರಣೆಗೆ ಇಬ್ಬರು ಸಾಕ್ಷಿಗಳು ಬೇಕೆಂಬುದು ಮಾತ್ರ ಬದಲಾಗಲಿಲ್ಲ.

ಕ್ಯಾಥೊಲಿಕ್ ಧರ್ಮಸಭೆಯ ಬಗೆಗೆ ಬೇಕಾದಷ್ಟು ಬರೆಯಲಾಗಿದೆ. ಬಲ್ಲಾರಟ್ ಧರ್ಮಪ್ರಾಂತ್ಯದಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಎಸಗುತ್ತಿದ್ದ ಜೆರಾಲ್ಡ್ ರಿಡ್ಸ್‌ಡೇಲ್ ಎಂಬ ಪಾದ್ರಿಯನ್ನು ಬಿಷಪ್ ರೊನಾಲ್ಡ್ ಮಲ್ಕರ್ನ್ಸ್ ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗಾಯಿಸುತ್ತಲೇ ಹೋದುದು ಎಲ್ಲರಿಗೂ ತಿಳಿದ ಕತೆ. ಆಯೋಗ ಲೆಕ್ಕಹಾಕಿದಂತೆ 1950ರಿಂದ 2010ರವರೆಗೆ ಸೇವೆಯಲ್ಲಿದ್ದ ಕ್ಯಾಥೊಲಿಕ್ ಪಾದ್ರಿಗಳಲ್ಲಿ ಶೇಕಡಾ 7ರಷ್ಟು ಮಂದಿಯ ಮೇಲೆ ಆರೋಪಗಳಿದ್ದವು. ಕೃತ್ಯಕ್ಕೂ ದೂರಿಗೂ ನಡುವೆ ಸರಾಸರಿ 33 ವರ್ಷಗಳ ಅಂತರವಿತ್ತು. ಇಲ್ಲಿ ನನ್ನ ಆಸಕ್ತಿ ಕಾನೂನು ಸಂಹಿತೆಯ ಅಧ್ಯಾಯ ವಿಂಗಡಣೆಯ ಕಡೆಗೆ. 1983ರ ಸಂಹಿತೆಯಲ್ಲಿ ಪಾದ್ರಿಯೊಬ್ಬ ಅಪ್ರಾಪ್ತರೊಂದಿಗೆ ನಡೆಸುವ ಲೈಂಗಿಕ ಅಪರಾಧ 1395ನೆಯ ವಿಧಿಯಲ್ಲಿತ್ತು. ಅದನ್ನು ಇರಿಸಿದ್ದ ಶೀರ್ಷಿಕೆ ‘ವಿಶೇಷ ಕರ್ತವ್ಯಗಳ ವಿರುದ್ಧದ ಅಪರಾಧಗಳು’. ಪಾದ್ರಿ ನಿಯಮ ಮೀರಿ ವ್ಯಾಪಾರ ಮಾಡುವ ಅಪರಾಧವೂ ಅದೇ ಶೀರ್ಷಿಕೆಯಡಿ. ಕೊಲೆ, ಅಪಹರಣಗಳಿಗೆ ಬೇರೆಯೇ ಶೀರ್ಷಿಕೆ ಇತ್ತು. ಮಗುವಿನ ಮೇಲಿನ ದೌರ್ಜನ್ಯವನ್ನು ಬ್ರಹ್ಮಚರ್ಯದ ಭಂಗವೆಂದು, ವ್ಯಭಿಚಾರ ಕೂಡದೆಂಬ ಆರನೆಯ ಆಜ್ಞೆಯ ಉಲ್ಲಂಘನೆಯೆಂದು ಓದಲಾಗುತ್ತಿತ್ತು. ಹಾಗೆ ಓದಿದವರಿಗೆ ಚಿಕಿತ್ಸೆ, ಧ್ಯಾನಕೂಟ, ವರ್ಗಾವಣೆ ಎಲ್ಲವೂ ತರ್ಕಬದ್ಧವಾಗಿಯೇ ಕಾಣುತ್ತವೆ. ಎಡವಿದ ವ್ರತಸ್ಥನನ್ನು ಎತ್ತಿ ನಿಲ್ಲಿಸುವ ಕ್ರಮಗಳು ಅವು.

ಪೋಪ್ ಫ್ರಾನ್ಸಿಸ್ ತಿದ್ದಿದ ದಂಡಸಂಹಿತೆ 2021ರ ಡಿಸೆಂಬರ್ 8ರಿಂದ ಜಾರಿಗೆ ಬಂತು. ಅಪ್ರಾಪ್ತರ ಮೇಲಿನ ಅಪರಾಧ ಅದರಲ್ಲಿ 1398ನೆಯ ವಿಧಿಯಾಗಿ ‘ಮನುಷ್ಯನ ಜೀವ, ಘನತೆ ಮತ್ತು ಸ್ವಾತಂತ್ರ್ಯದ ವಿರುದ್ಧದ ಅಪರಾಧಗಳು’ ಎಂಬ ಶೀರ್ಷಿಕೆಗೆ ಸರಿಯಿತು. ವಿಧಿಯ ಮಾತಿನಲ್ಲಿ ಆರನೆಯ ಆಜ್ಞೆ ಈಗಲೂ ಇದೆ. ಆದರೂ ಈ ಸ್ಥಳಾಂತರವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಅನ್ಯಾಯ ಆದದ್ದು ಒಬ್ಬ ಮನುಷ್ಯನಿಗೆ ಎಂದು ಒಪ್ಪಲು ಆ ಗ್ರಂಥಕ್ಕೆ 38 ವರ್ಷ ಬೇಕಾಯಿತು.

ಪಾಪನಿವೇದನೆಯ ಗುಟ್ಟಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಕ್ವೀನ್ಸ್‌ಲ್ಯಾಂಡಿನಲ್ಲಿ ಶಿಕ್ಷೆಗೊಳಗಾದ ಒಬ್ಬ ಪಾದ್ರಿ, ತಾನು 25 ವರ್ಷಗಳಲ್ಲಿ ಸುಮಾರು 30 ಪಾದ್ರಿಗಳ ಬಳಿ ಸುಮಾರು 1,500 ಸಲ ಮಕ್ಕಳ ಮೇಲಿನ ತನ್ನ ದೌರ್ಜನ್ಯವನ್ನು ನಿವೇದಿಸಿಕೊಂಡಿದ್ದಾಗಿ ಪ್ರಮಾಣಪತ್ರ ಸಲ್ಲಿಸಿದ್ದ. ನಮ್ಮ ಕಡೆ ದೇವರಿಗೆ ಒಪ್ಪಿಸುವ ತಪ್ಪುಕಾಣಿಕೆ ನೆನಪಾಗುತ್ತದೆ: ಹುಂಡಿಗೆ ಬೀಳುವ ಹಣ ತಪ್ಪು ಮಾಡಿದವನ ಎದೆಯನ್ನು ಹಗುರ ಮಾಡುತ್ತದೆ, ನೊಂದವರ ಮನೆ ಬಾಗಿಲಿಗೆ ಅದು ಹೋಗುವುದಿಲ್ಲ. ದೌರ್ಜನ್ಯವನ್ನು ಸರ್ಕಾರಕ್ಕೆ ತಿಳಿಸುವ ಹೊಣೆಯಿಂದ ಪಾಪನಿವೇದನೆಗೆ ವಿನಾಯಿತಿ ಕೂಡದೆಂದು ಆಯೋಗ ಹೇಳಿತು. 2018ರ ಆಗಸ್ಟ್‌ನಲ್ಲಿ ಬಿಷಪರು ಉಳಿದ ಶಿಫಾರಸುಗಳಲ್ಲಿ ಹೆಚ್ಚಿನವನ್ನು ಒಪ್ಪಿ ಇದನ್ನು ತಿರಸ್ಕರಿಸಿದರು. ವಿಕ್ಟೋರಿಯ ರಾಜ್ಯ 2019ರಲ್ಲಿ ವಿನಾಯಿತಿಯನ್ನು ತೆಗೆದು, ತಿಳಿಸದ ಪಾದ್ರಿಗೆ ಮೂರು ವರ್ಷಗಳವರೆಗೆ ಜೈಲು ಎಂದು ಕಾನೂನು ಮಾಡಿತು.

ಮೆಲ್ಬರ್ನಿನ ಯೆಶಿವಾ ಯಹೂದಿ ಸಮುದಾಯದಲ್ಲಿ ಅಡ್ಡಬಂದದ್ದು ‘ಮೆಸಿರಾ’, ಅಂದರೆ ತಮ್ಮವರನ್ನು ಪರರ ಆಡಳಿತಕ್ಕೆ ಒಪ್ಪಿಸಬಾರದೆಂಬ ಹಳೆಯ ಕಟ್ಟಳೆ. ಯಹೂದಿಗಳನ್ನು ಬೇಟೆಯಾಡುತ್ತಿದ್ದ ಅರಸರ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ವಿಕ್ಟೋರಿಯದ ರಬ್ಬಿಗಳ ಮಂಡಳಿ ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಅದು ಅನ್ವಯಿಸದೆಂದು 2010ರಲ್ಲೇ ಸಾರಿತ್ತು. ಪೊಲೀಸರ ಬಳಿ ಹೋದವರನ್ನು ಸಮುದಾಯ ದೂರವಿಡುವುದು ಆಮೇಲೂ ನಿಲ್ಲಲಿಲ್ಲವೆಂದು 2015ರ ವಿಚಾರಣೆ ತೋರಿಸಿತು.

ಹೀಗೆ ನಿಯಮಗಳನ್ನೇ ದೂರುತ್ತಾ ಹೋದರೆ ಒಂದು ಆಕ್ಷೇಪ ಎದುರಾಗುತ್ತದೆ. ಇಂಥ ಕಟ್ಟಳೆಗಳಿಲ್ಲದ ಕಡೆಯೂ ಮಕ್ಕಳು ನರಳಿದ್ದಾರಲ್ಲ? ನ್ಯೂ ಸೌತ್ ವೇಲ್ಸ್‌ನ ಮ್ಯಾಂಗ್ರೋವ್ ಮೌಂಟನ್‌ನಲ್ಲಿದ್ದ ಸತ್ಯಾನಂದ ಯೋಗಾಶ್ರಮ ಈ ಆಕ್ಷೇಪಕ್ಕೆ ತಕ್ಕ ಉದಾಹರಣೆ. ಬಿಹಾರದ ಮುಂಗೇರಿನಲ್ಲಿ ಸ್ವಾಮಿ ಸತ್ಯಾನಂದ ಸರಸ್ವತಿ ಕಟ್ಟಿದ ಪರಂಪರೆಯ ಕೊಂಬೆ ಅದು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಅಲ್ಲಿನ ಮುಖ್ಯಸ್ಥರಾಗಿದ್ದವರು ಅಖಂಡಾನಂದ ಸರಸ್ವತಿ. ತಂದೆತಾಯಿಗಳಿಂದ ಬೇರ್ಪಡಿಸಿ ಬೆಳೆಸಲಾದ ಮಕ್ಕಳು ಆತನಿಂದ ಅನುಭವಿಸಿದ್ದನ್ನು 2014ರ ಡಿಸೆಂಬರ್‌ನಲ್ಲಿ ಆಯೋಗದ ಮುಂದೆ ಹೇಳಿದರು. ಆತನಿಗಾದ ಶಿಕ್ಷೆಯನ್ನು ಆಸ್ಟ್ರೇಲಿಯದ ಹೈಕೋರ್ಟ್ 1991ರಲ್ಲಿ ರದ್ದುಮಾಡಿತ್ತು. ಕಾರಣ, ಮೊಕದ್ದಮೆ ಹೂಡಲು ಇದ್ದ ಕಾಲಮಿತಿ. ಆಶ್ರಮದೊಳಗೆ ಸಮಿತಿ ಇರಲಿಲ್ಲ, ಸಾಕ್ಷಿಗಳ ಎಣಿಕೆ ಇರಲಿಲ್ಲ, ರಹಸ್ಯ ಭಂಡಾರವಿರಲಿಲ್ಲ. ಗುರುವಿಗೆ ಶರಣಾಗುವುದೇ ಸಾಧನೆ ಎಂದ ಮೇಲೆ ಗುರುವಿನ ಮೇಲಿನ ದೂರು ಸಾಧಕನ ಅಹಂಕಾರವಾಗಿಬಿಡುತ್ತದೆ. ಒಳನಿಯಮಗಳಿದ್ದ ಕಡೆ ಮಗುವಿನ ಮಾತು ಬೇರೊಂದು ಅಪರಾಧವಾಗಿ ರೂಪಾಂತರಗೊಂಡಿತು. ಇಲ್ಲಿ ಅದು ಮಗುವಿನದೇ ದೋಷವಾಯಿತು. ಆದ್ದರಿಂದ ಆಕ್ಷೇಪ ನನ್ನ ವಾದವನ್ನು ಕೆಡಿಸುವುದಿಲ್ಲ, ಅದಕ್ಕೆ ಒಂದು ತುದಿಯನ್ನು ಕಾಣಿಸುತ್ತದೆ.

ಮಠಗಳ ಉಚಿತ ವಿದ್ಯಾರ್ಥಿನಿಲಯ, ವೇದಪಾಠಶಾಲೆ, ಮದರಸ, ಕಾನ್ವೆಂಟ್ ಬೋರ್ಡಿಂಗುಗಳಲ್ಲಿ ಸಾವಿರಾರು ಮಕ್ಕಳು ಬೆಳೆಯುವ ಕರ್ನಾಟಕದಲ್ಲಿ ನಿಂತು ಈ ದಾಖಲೆಯನ್ನು ಓದುವಾಗ ನಮ್ಮ ಕಾನೂನು ಎಷ್ಟೋ ಮುಂದಿದೆ ಎನಿಸುತ್ತದೆ. 1872ರ ಸಾಕ್ಷ್ಯ ಅಧಿನಿಯಮ ಗಂಡಹೆಂಡಿರ ಮಾತಿಗೆ, ವಕೀಲರ ಬಳಿ ಹೇಳಿದ ಮಾತಿಗೆ ರಕ್ಷಣೆ ಕೊಟ್ಟಿತ್ತು. ಪುರೋಹಿತನ ಕಿವಿಗೆ ಕೊಟ್ಟಿರಲಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ, ಅಪರಾಧ ನಡೆದಿದೆ ಎಂದು ತಿಳಿದವರೆಲ್ಲ, ನಡೆಯಬಹುದೆಂಬ ಆತಂಕವಿದ್ದವರೂ, ಪೊಲೀಸರಿಗೆ ತಿಳಿಸಲೇಬೇಕು. ಪೊಲೀಸರು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಸಾಕ್ಷ್ಯ ನುಡಿಯುವಾಗ ಮಗುವಿಗೆ ಆರೋಪಿಯ ಮುಖ ಕಾಣಕೂಡದು ಎನ್ನುತ್ತದೆ 36ನೆಯ ಸೆಕ್ಷನ್. ಧಾರ್ಮಿಕ ಸಂಸ್ಥೆಯ ಆಡಳಿತದಲ್ಲಿ ಅಥವಾ ಸಿಬ್ಬಂದಿಯಲ್ಲಿ ಇರುವವರು ಅದೇ ಸಂಸ್ಥೆಯ ಮಗುವಿನ ಮೇಲೆ ಎಸಗುವ ಕೃತ್ಯವನ್ನು ಕಾಯ್ದೆ ಉಲ್ಬಣಗೊಂಡ ಅಪರಾಧವೆಂದು ಎಣಿಸುತ್ತದೆ. 2019ರ ತಿದ್ದುಪಡಿಯ ನಂತರ ಅತ್ಯಾಚಾರದ ಸಂದರ್ಭದಲ್ಲಿ ಅದಕ್ಕೆ ಕನಿಷ್ಠ 20 ವರ್ಷ ಸಜೆ.

ಕೃತ್ಯಕ್ಕೆ ಇಷ್ಟು ಕಠಿಣವಾದ ಕಾಯ್ದೆ, ತಿಳಿದೂ ಸುಮ್ಮನಿದ್ದವರ ವಿಷಯಕ್ಕೆ ಬಂದಾಗ ಒಂದು ವಿಚಿತ್ರ ಊಹೆಯನ್ನು ಮಾಡಿಕೊಂಡಿದೆ. 21ನೆಯ ಸೆಕ್ಷನ್‌ನ ಎರಡನೆಯ ಉಪವಿಧಿ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸಜೆ ಹೇಳುತ್ತದೆ, ಆದರೆ ಅದು ತನ್ನ ಕೈಕೆಳಗಿನವನು ಮಾಡಿದ ಅಪರಾಧವನ್ನು ಮುಚ್ಚಿಟ್ಟಾಗ. ಕೆಳಗಿನವನು ತಪ್ಪು ಮಾಡುತ್ತಾನೆ, ಮೇಲಿನವನು ವರದಿ ಮಾಡುತ್ತಾನೆ ಎಂಬ ಕಂಪನಿಯ ಚಿತ್ರ ಅದರ ಹಿಂದಿದೆ. ಬಲ್ಲಾರಟ್‌ನ ಬಿಷಪರಂಥವರಿಗೆ ಅದು ಹೊಂದುತ್ತದೆ. ಮ್ಯಾಂಗ್ರೋವ್ ಮೌಂಟನ್‌ಗೆ ಹೊಂದುವುದಿಲ್ಲ. ಆರೋಪ ಪೀಠದಲ್ಲಿ ಕುಳಿತವರ ಮೇಲೆಯೇ ಬಂದಾಗ, ತಿಳಿದವರು ಅಡುಗೆಮನೆಯಲ್ಲೋ ವಿದ್ಯಾರ್ಥಿನಿಲಯದಲ್ಲೋ ಕಚೇರಿಯಲ್ಲೋ ಅವರ ಅನ್ನ ಉಣ್ಣುತ್ತಿರುವವರು. ಕಾಯ್ದೆ ಅವರಿಗೆ ಮೊದಲನೆಯ ಉಪವಿಧಿಯಡಿ ಆರು ತಿಂಗಳ ಸಜೆಯ ಭಯವನ್ನು ತೋರಿಸುತ್ತದೆ, ಹೇಳಿದ ಮೇಲೆ ಎಲ್ಲಿಗೆ ಹೋಗಬೇಕೆಂಬುದನ್ನು ತೋರಿಸುವುದಿಲ್ಲ. ಮಕ್ಕಳಿರುವ ಸಂಸ್ಥೆಗಳು ನೌಕರರ ಪೂರ್ವಾಪರವನ್ನು ಪೊಲೀಸರ ಮೂಲಕ ಪರಿಶೀಲಿಸಬೇಕೆನ್ನುವ 2020ರ ಪೋಕ್ಸೊ ನಿಯಮಗಳಲ್ಲೂ ಇದೇ ತೊಡಕಿದೆ: ಮಠಾಧಿಪತಿ ಯಾರ ನೌಕರ? ವಿಕ್ಟೋರಿಯ ರಾಜ್ಯದ ವರದಿ ಪದ್ಧತಿ ಇದನ್ನು ಮುಂಚೆಯೇ ಊಹಿಸಿ, ಮುಖ್ಯಸ್ಥನ ಮೇಲೆಯೇ ಆರೋಪ ಬಂದರೆ ಉಳಿದವರು ಅವನನ್ನು ದಾಟಿ ನೇರವಾಗಿ ಸರ್ಕಾರಿ ಮೇಲ್ವಿಚಾರಣಾ ಸಂಸ್ಥೆಗೆ ತಿಳಿಸುವ ವ್ಯವಸ್ಥೆ ಪ್ರತಿ ಸಂಸ್ಥೆಯಲ್ಲೂ ಇರಬೇಕೆಂದು ವಿಧಿಸಿದೆ. ನಮ್ಮ 21ನೆಯ ಸೆಕ್ಷನ್‌ಗೆ ತಿದ್ದುಪಡಿ ಬರುವುದಾದರೆ ‘ಕೈಕೆಳಗಿನ’ ಎಂಬ ವಿಶೇಷಣವನ್ನು ತೆಗೆದು, ಟ್ರಸ್ಟಿಗಳನ್ನೂ ಆಡಳಿತ ಮಂಡಳಿಯ ಪ್ರತಿ ಸದಸ್ಯನನ್ನೂ ಹೊಣೆಗಾರರೆಂದು ಹೆಸರಿಸುವುದರಿಂದ ಅದು ಶುರುವಾಗಬೇಕು.