ಮೊದಲು ದುಡ್ಡೋ, ಮೊದಲು ಸರಕೋ?

ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡುವವರಾಗಲಿ, ಇಳಕಲ್ ಸೀರೆ ನೇಯುವವರಾಗಲಿ ಇಂದು ಅಂತರ್ಜಾಲದಲ್ಲಿ ಅಂಗಡಿ ತೆರೆಯಬಹುದು. ಬೀದಿಯಲ್ಲಿ ಮಳಿಗೆ ಹಿಡಿಯುವ, ಅದಕ್ಕೆ ಮುಂಗಡ ತೆರುವ ಕಷ್ಟವಿಲ್ಲ. ಆದರೆ ಮೊದಲ ಆರ್ಡರ್ ಬಂದ ಕೂಡಲೇ ಒಂದು ಹಳೆಯ ಪ್ರಶ್ನೆ ಎದುರಾಗುತ್ತದೆ. ಮುಖ ಕಾಣದ ಗಿರಾಕಿ ಮೊದಲು ಹಣ ಕೊಡಬೇಕೆ, ಮುಖ ಕಾಣದ ವ್ಯಾಪಾರಿ ಮೊದಲು ಸರಕು ಕಳಿಸಬೇಕೆ? ಇದಕ್ಕೆ ನಮ್ಮ ದೇಶದಲ್ಲಿ ಉತ್ತರ ಹುಡುಕಿದ್ದು ಅಂಚೆ ಇಲಾಖೆ. ಅದೂ 1877ರಷ್ಟು ಹಿಂದೆ!

ಆ ವರ್ಷ ಬಂದ ‘ವ್ಯಾಲ್ಯೂ ಪೇಯಬಲ್’ ಪದ್ಧತಿಯೇ ಮುಂದೆ ಜನರ ಬಾಯಲ್ಲಿ ವಿ.ಪಿ.ಪಿ. ಎನಿಸಿತು. ಗಿರಾಕಿ ಒಂದು ಕಾರ್ಡು ಬರೆಯುತ್ತಿದ್ದ. ವ್ಯಾಪಾರಿ ಪೊಟ್ಟಣ ಕಟ್ಟಿ ಅಂಚೆ ಕಚೇರಿಗೆ ಒಪ್ಪಿಸುತ್ತಿದ್ದ. ಪೋಸ್ಟ್‌ಮ್ಯಾನ್ ಹಣ ಪಡೆದೇ ಪೊಟ್ಟಣ ಕೊಡುತ್ತಿದ್ದ. ಆ ಹಣ ಮನಿಯಾರ್ಡರ್ ಮೂಲಕ ವ್ಯಾಪಾರಿಯ ಕೈ ಸೇರುತ್ತಿತ್ತು. ಪುಸ್ತಕ, ಗಡಿಯಾರ, ಬೀಜ, ಔಷಧಿ ಎಲ್ಲವೂ ಹೀಗೆ ಹಳ್ಳಿ ತಲುಪಿದವು. ಇಬ್ಬರು ಅಪರಿಚಿತರ ನಡುವೆ ನಂಬಿಕೆಗೆ ನಿಂತವನು ಖಾಕಿ ತೊಟ್ಟ ಪೋಸ್ಟ್‌ಮ್ಯಾನ್.

ತೊಂದರೆಗಳೂ ಇರಲಿಲ್ಲವೆಂದಲ್ಲ. ಗಿರಾಕಿ ಬೇಡವೆಂದರೆ ಪೊಟ್ಟಣ ವಾಪಸು. ಅಂಚೆ ವೆಚ್ಚ ವ್ಯಾಪಾರಿಯ ತಲೆಗೆ. ಕೇಳದವರಿಗೂ ಪೊಟ್ಟಣ ಕಳಿಸಿ ಹಣ ಕೀಳುವ ಜಾಣರನ್ನು ತಡೆಯಲು, ‘ಇದು ನಿಜವಾಗಿ ಬಂದ ಆರ್ಡರಿನಂತೆ ಕಳಿಸಿದ್ದು’ ಎಂದು ಕಳಿಸುವವನು ಸಹಿ ಹಾಕಬೇಕೆಂಬ ನಿಯಮವೂ ಇತ್ತು.

1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆಯಿತು. 1999ರಲ್ಲಿ ಬೆಂಗಳೂರಿನಲ್ಲಿ ‘ಫ್ಯಾಬ್‌ಮಾರ್ಟ್’ ಸಂಗೀತದ ಮಾರಾಟದಿಂದ ಅಂತರ್ಜಾಲ ಅಂಗಡಿ ಆರಂಭಿಸಿತು. ಆಗ ಕ್ರೆಡಿಟ್ ಕಾರ್ಡ್ ಇದ್ದವರೇ ಕಡಿಮೆ. ಇದ್ದವರಿಗೂ ಅದರ ಸಂಖ್ಯೆಯನ್ನು ಗಣಕಯಂತ್ರಕ್ಕೆ ಒಪ್ಪಿಸಲು ಅಂಜಿಕೆ. ಮುಂದೆ ‘ಇಂಡಿಯಾಪ್ಲಾಜಾ’ ಎಂದು ಹೆಸರು ಬದಲಿಸಿಕೊಂಡ ಈ ಅಂಗಡಿ 2013ರಲ್ಲಿ ಮುಚ್ಚಿತು.

2007ರಲ್ಲಿ ಕೋರಮಂಗಲದ ಒಂದು ಮನೆಯಿಂದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ತರುಣರು ‘ಫ್ಲಿಪ್‌ಕಾರ್ಟ್’ ಆರಂಭಿಸಿದರು. ಹಾಕಿದ ಬಂಡವಾಳ ಸುಮಾರು 4 ಲಕ್ಷ ರೂಪಾಯಿ. ಬೆಂಗಳೂರಿನ ಪುಸ್ತಕದಂಗಡಿಯ ಮುಂದೆ ನಿಂತು ತಮ್ಮ ಹೆಸರಿದ್ದ ಪುಟಗುರುತಿನ ಪಟ್ಟಿಗಳನ್ನು ಹಂಚಿದ್ದೂ ಉಂಟು. ಮೊದಲ ಆರ್ಡರ್ ಬಂದದ್ದು ಆಗಿನ ಆಂಧ್ರದ ಮೆಹಬೂಬ್‌ನಗರದಿಂದ. ಕೇಳಿದ ಪುಸ್ತಕ ಇವರ ಬಳಿ ಇರಲಿಲ್ಲ. ನಗರದ ಅಂಗಡಿಗಳನ್ನು ಅಲೆದು ಹುಡುಕಿ ತಂದರು. ದೊಡ್ಡ ಕಂಪೆನಿಗಳ ಕಥೆಯಲ್ಲೂ ಶುರುವಿನ ಪುಟಗಳು ಚಿಲ್ಲರೆ ಅಂಗಡಿಯವು ಎಂಬುದು ಗಮನಿಸಬೇಕಾದ ಮಾತು.

ಅವರ ವ್ಯಾಪಾರ ಹಿಗ್ಗಿದ್ದಕ್ಕೆ ಮುಖ್ಯ ಕಾರಣಗಳಲ್ಲೊಂದು 2010ರಲ್ಲಿ ತಂದ ‘ಕ್ಯಾಶ್ ಆನ್ ಡೆಲಿವರಿ’. ಸರಕು ಮನೆಗೆ ಬಂದ ಮೇಲೆ ಹಣ. ಹೊಸ ಹೆಸರಿನ ಈ ಯುಕ್ತಿ ವಿ.ಪಿ.ಪಿ.ಯ ಮೊಮ್ಮಗನೇ ಸರಿ. ಅಜ್ಜನ ಕಾಯಿಲೆಯೂ ಜೊತೆಗೇ ಬಂತು. ಬಾಗಿಲಲ್ಲಿ ‘ಬೇಡ’ ಎಂದರೆ ಹೋಗಿಬರುವ ಸಾಗಣೆ ವೆಚ್ಚ ಯಾರದು? ಹೂಡಿಕೆದಾರರ ಕೋಟಿಗಳಿರುವ ಕಂಪೆನಿ ತಾಳಿಕೊಂಡೀತು. ತಿಂಗಳಿಗೆ ನಲವತ್ತು ಪೊಟ್ಟಣ ಕಳಿಸುವ ಚಟ್ನಿಪುಡಿಯ ಗೃಹಿಣಿಗೆ ಹತ್ತು ವಾಪಸು ಬಂದರೆ ಆ ತಿಂಗಳ ಲಾಭವೇ ಹೋಯಿತು.

2016ರಲ್ಲಿ ಬಂದ ಯು.ಪಿ.ಐ. ಹಣ ಕಳಿಸುವುದನ್ನು ಕ್ಷಣದ ಕೆಲಸವಾಗಿಸಿದೆ. ಆದರೂ ಪೊಟ್ಟಣ ಕಂಡ ಮೇಲೇ ಹಣ ಎನ್ನುವ ಗಿರಾಕಿಗಳಿದ್ದಾರೆ. ಅವರನ್ನು ಬಿಡಲಾಗದ ಸಣ್ಣ ವ್ಯಾಪಾರಿಗಳು ಕಟ್ಟುವ ಮೊದಲು ಫೋನ್ ಮಾಡಿ ಆರ್ಡರ್ ಖಚಿತಪಡಿಸಿಕೊಳ್ಳುತ್ತಾರೆ. ಸಾಗಣೆ ವೆಚ್ಚವನ್ನಷ್ಟಾದರೂ ಮುಂಚೆಯೇ ಕೇಳುತ್ತಾರೆ. ವಿ.ಪಿ.ಪಿ. ಕಾಲದ ಪುಸ್ತಕ ವ್ಯಾಪಾರಿಗಳೂ ದೊಡ್ಡ ಆರ್ಡರಿಗೆ ಸ್ವಲ್ಪ ಮುಂಗಡ ಕೇಳುತ್ತಿದ್ದರು.